ಕುಡಿತ ಬಿಟ್ಟ ಮೇಲೆ ಹೊಟ್ಟೆ ಉಬ್ಬರ, ತೂಕದ ಏರಿಳಿತ: ಮೊದಲ ಮೂರು ತಿಂಗಳು ಏನು ಮಾಡಬೇಕು?

ಕುಡಿತ ಬಿಟ್ಟರೆ ಹೊಟ್ಟೆ ತಾನಾಗಿಯೇ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕೆಲವರಿಗೆ ನಿಜಕ್ಕೂ ಇಳಿಯುತ್ತದೆ. ಆದರೆ ಬಿಟ್ಟು ಎರಡು ಮೂರು ವಾರ ಕಳೆದರೂ ಸಂಜೆ ಹೊತ್ತಿಗೆ ಹೊಟ್ಟೆ ಡೋಲಿನ ಹಾಗೆ ಬಿಗಿದುಕೊಳ್ಳುವವರು, ಎರಡು ಕೆಜಿ ಜಾಸ್ತಿ ಆದವರು, ಪ್ಯಾಂಟಿನ ಗುಂಡಿ ಬಿಚ್ಚಿಕೊಂಡು ಕೂರುವವರು ಬೇಕಾದಷ್ಟು ಜನ ಇದ್ದಾರೆ. ಇಷ್ಟು ಕಷ್ಟಪಟ್ಟು ಬಿಟ್ಟಿದ್ದಕ್ಕೆ ಸಿಕ್ಕಿದ್ದು ಇದಾ ಅಂತ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಊಟ ಬಿಟ್ಟು, ಹಸಿದು ಹಸಿದು, ಕೊನೆಗೆ ಮತ್ತೆ ಬಾಟಲಿ ಹಿಡಿದವರೂ ಇದ್ದಾರೆ.

ಈ ಲೇಖನದಲ್ಲಿ ನಾನು ಹೇಳಲು ಹೊರಟಿರುವುದು ಇಷ್ಟೇ. ಹೊಟ್ಟೆ ದಪ್ಪಗೆ ಕಾಣುವುದಕ್ಕೆ ಒಂದೇ ಕಾರಣ ಇರುವುದಿಲ್ಲ. ಗ್ಯಾಸ್ ಇರಬಹುದು, ಮಲಬದ್ಧತೆ ಇರಬಹುದು, ಮೈಯಲ್ಲಿ ನೀರು ನಿಂತಿರಬಹುದು, ಕೊಬ್ಬು ಇರಬಹುದು, ಲಿವರ್ ಕೆಟ್ಟು ಹೊಟ್ಟೆಯೊಳಗೆ ನೀರು ತುಂಬಿರಬಹುದು. ಒಂದೊಂದಕ್ಕೂ ಮಾಡಬೇಕಾದ್ದು ಬೇರೆ ಬೇರೆ. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಡಯಟ್ ಮಾತು ಆಮೇಲೆ.

ಇನ್ನೂ ಬಿಟ್ಟಿಲ್ಲದವರಿಗೆ ಒಂದು ಎಚ್ಚರಿಕೆ

ದಿನಾ ಜಾಸ್ತಿ ಕುಡಿಯುವವರು ತಟ್ಟನೆ ನಿಲ್ಲಿಸುವುದು ಅಪಾಯ. ಕೊನೆಯ ಪೆಗ್ ಆದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ಗಾಬರಿ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದಂತೆ ಮಾತಾಡುವುದು ಶುರುವಾಗುತ್ತದೆ. ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಹಿಂದೆ ಬಿಡಲು ಹೋದಾಗ ಫಿಟ್ಸ್ ಬಂದಿದ್ದರಂತೂ ಮನೆಯಲ್ಲಿ ಪ್ರಯತ್ನಿಸಲೇಬೇಡಿ. ಡಾಕ್ಟರ ಕಣ್ಣೆದುರಲ್ಲೇ ಬಿಡಿ. ಇಲ್ಲಿಂದ ಮುಂದಿನದು ಆ ಘಟ್ಟ ದಾಟಿದವರಿಗೆ.

ಹೆಜ್ಜೆ 1: ಅಪಾಯದ ಹೊಟ್ಟೆಯನ್ನು ಮೊದಲು ಬೇರೆ ಮಾಡಿ

ಗ್ಯಾಸ್ ಆದರೆ ಅದು ದಿನವಿಡೀ ಒಂದೇ ಥರ ಇರುವುದಿಲ್ಲ. ಬೆಳಗ್ಗೆ ಎದ್ದಾಗ ಹೊಟ್ಟೆ ಮೆತ್ತಗಿರುತ್ತದೆ, ಊಟದ ನಂತರ ಉಬ್ಬುತ್ತದೆ, ಗಾಳಿ ಹೋದರೆ ಹಗುರಾಗುತ್ತದೆ. ಲಿವರ್ ತೊಂದರೆಯಿಂದ ತುಂಬುವ ನೀರು ಹಾಗಲ್ಲ. ಬೆಳಗ್ಗೆಯೂ ಅಷ್ಟೇ, ರಾತ್ರಿಯೂ ಅಷ್ಟೇ, ವಾರ ಕಳೆದಂತೆ ಇನ್ನೂ ಜಾಸ್ತಿ. ಅಂಗಾತ ಮಲಗಿದರೆ ಹೊಟ್ಟೆ ಎರಡೂ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಹೊಕ್ಕುಳು ಚಪ್ಪಟೆಯಾಗಬಹುದು, ಹೊರಗೂ ಚಾಚಬಹುದು. ಕೈಕಾಲು, ಭುಜ ಸಣ್ಣಗಾಗುತ್ತಿದ್ದು ಹೊಟ್ಟೆ ಮಾತ್ರ ದೊಡ್ಡದಾಗುತ್ತಿದ್ದರೆ ಅದು ದಪ್ಪ ಆಗುವುದಲ್ಲ. ಇದನ್ನೇ ಜಲೋದರ ಅನ್ನುತ್ತಾರೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಸಂಜೆ ಕುರ್ಚಿ ಮೇಲೆ ಕೂತು, ಪಾದದ ಗಂಟಿಗಿಂತ ಸ್ವಲ್ಪ ಮೇಲೆ, ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳಿಂದ ಹತ್ತು ಎಣಿಸುವ ತನಕ ಒತ್ತಿ ಹಿಡಿಯಿರಿ. ಬೆರಳು ತೆಗೆದ ಮೇಲೆ ಗುಳಿ ಹಾಗೇ ಉಳಿದರೆ ಕಾಲಿನಲ್ಲಿ ನೀರು ನಿಂತಿದೆ ಅಂತ ಅರ್ಥ. ಸಾಕ್ಸ್ ಗುರುತು ಎಲ್ಲರಿಗೂ ಬೀಳುತ್ತದೆ, ಅದಕ್ಕೆ ಹೆದರಬೇಡಿ. ಗುಳಿ ದಿನಾ ಬೀಳುತ್ತಿದ್ದರೆ, ಅದು ಮೊಣಕಾಲಿನ ಕಡೆಗೆ ಏರುತ್ತಿದ್ದರೆ, ಡಾಕ್ಟರಿಗೆ ತೋರಿಸಿ. ಲಿವರ್ ಅಷ್ಟೇ ಅಲ್ಲ, ಹೃದಯ, ಕಿಡ್ನಿ, ಥಯಾಮಿನ್ ಅನ್ನೋ ಬಿ1 ವಿಟಮಿನ್ ಕೊರತೆ ಇವುಗಳಿಂದಲೂ ಹೀಗಾಗುತ್ತದೆ.

ಈ ಕೆಳಗಿನವು ಕಂಡರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ:

- ಕಣ್ಣು ಹಳದಿ, ಮೂತ್ರ ಕಡು ಬಣ್ಣ
- ರಕ್ತ ವಾಂತಿ, ಇಲ್ಲವೇ ಟಾರಿನಂತೆ ಕಪ್ಪಾದ ಮಲ
- ಉಬ್ಬಿದ ಹೊಟ್ಟೆಯ ಜೊತೆಗೆ ಜ್ವರ ಅಥವಾ ನೋವು
- ಬೆನ್ನಿಗೆ ಹೊಡೆಯುವ ಜೋರು ಮೇಲ್ಹೊಟ್ಟೆ ನೋವು, ನಿಲ್ಲದ ವಾಂತಿ
- ಮಲವೂ ಇಲ್ಲ, ಗಾಳಿಯೂ ಹೋಗುತ್ತಿಲ್ಲ, ಹೊಟ್ಟೆ ಬಿಗಿಯುತ್ತಿದೆ, ವಾಂತಿ ಬೇರೆ
- ಗೊಂದಲ, ತೂರಾಡುವ ನಡಿಗೆ, ಎರಡೆರಡು ಕಾಣುವುದು
- ಉಸಿರಾಡಲು ಕಷ್ಟ

ಈ ಪಟ್ಟಿಯಲ್ಲಿರುವ ಗೊಂದಲ, ತೂರಾಟದ ಬಗ್ಗೆ ಎರಡು ಮಾತು ಹೇಳಲೇಬೇಕು. ಕುಡಿಯದೆಯೂ ಕುಡಿದವರಂತೆ ನಡೆಯುತ್ತಿದ್ದರೆ ಮನೆಯವರಿಗೆ "ಮತ್ತೆ ಶುರು ಮಾಡಿದ್ದಾರೆ" ಅಂತ ಅನುಮಾನ ಬರುತ್ತದೆ. ಅದು ಥಯಾಮಿನ್ ಕೊರತೆಯಿಂದ ಮಿದುಳಿಗೆ ಆಗುವ ತೊಂದರೆ ಇರಬಹುದು. ತಡ ಮಾಡಿದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಬೇಗ ಇಂಜೆಕ್ಷನ್ ಸಿಕ್ಕರೆ ಎಷ್ಟೋ ಸರಿಹೋಗುತ್ತದೆ.

ಹೆಂಗಸರಿಗೆ ಇನ್ನೊಂದು ವಿಷಯ. ಮುಟ್ಟಿನ ಮುಂಚೆ ಬಂದು ಹೋಗುವ ಉಬ್ಬರ ಬೇರೆ. ವಾರಗಟ್ಟಲೆ ದಿನಾ ಇರುವ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬುವುದು, ಅದರಲ್ಲೂ 50 ದಾಟಿದವರಿಗೆ, ಅಂಡಾಶಯದ ತೊಂದರೆ ಇರಬಹುದು. ಕುಡಿತ ಬಿಟ್ಟಿದ್ದಕ್ಕೇ ಹೀಗೆ ಅಂತ ತಳ್ಳಿಹಾಕದೆ ಪರೀಕ್ಷೆ ಮಾಡಿಸಿ.

ಹೆಜ್ಜೆ 2: ತೂಕದ ಮಷಿನ್ ಹೇಳುವುದನ್ನು ಸರಿಯಾಗಿ ಓದಿ

ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ತೂಕ ಏರಿದರೆ ಅದರಲ್ಲಿ ಬಹುಪಾಲು ನೀರು. ಅದು ಹೇಗೆ ಅಂತ ನೋಡಿ.

ನಾವು ತಿಂದ ಸಕ್ಕರೆ, ಪಿಷ್ಟದ ಒಂದು ಭಾಗವನ್ನು ಲಿವರ್ ಮತ್ತು ಸ್ನಾಯುಗಳು ಗ್ಲೈಕೋಜನ್ ಅನ್ನೋ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಸರಿಯಾಗಿ ಊಟ ಮಾಡದೆ ಕುಡಿಯುತ್ತಿದ್ದವರಲ್ಲಿ ಈ ಕೂಡಿಕೆ ಖಾಲಿ ಆಗಿರುತ್ತದೆ. ಊಟ ಶುರುವಾದ ಮೇಲೆ 300 ಗ್ರಾಂ ತುಂಬಿದರೂ ನೀರು ಸೇರಿ ಒಂದು ಕೆಜಿಗಿಂತ ಜಾಸ್ತಿ ತೂಕ ಬಂದಂತಾಯಿತು. ಒಂದು ಚೂರೂ ಕೊಬ್ಬು ಏರದೆಯೇ!

ಎರಡನೆಯದು, ಮದ್ಯ ಮೂತ್ರವನ್ನು ಜಾಸ್ತಿ ಮಾಡುತ್ತದೆ. ನೀರನ್ನು ಹಿಡಿದಿಡು ಅಂತ ಕಿಡ್ನಿಗೆ ಹೇಳುವ ಹಾರ್ಮೋನನ್ನು ಅದು ಅದುಮಿಡುತ್ತದೆ. ಕುಡಿತ ನಿಂತಾಗ ಆ ಒತ್ತಡ ಹೋಗುತ್ತದೆ, ದೇಹ ಕೆಲವು ದಿನ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಉಂಗುರ ಬಿಗಿ, ಕಣ್ಣಿನ ಕೆಳಗೆ ಊತ, ಮುಖ ದುಂಡಗೆ. ಸಾಮಾನ್ಯವಾಗಿ ಇದು ತಾನಾಗಿ ಇಳಿಯುತ್ತದೆ. ಎಷ್ಟೋ ಜನರಿಗೆ ಹೊಟ್ಟೆಗಿಂತ ಮೊದಲು ಮುಖವೇ ತಿಳಿಯಾಗುವುದು.

ಹಾಗಾಗಿ ದಿನಾ ತೂಕ ನೋಡಬೇಡಿ. ವಾರಕ್ಕೆ ಒಂದು ಸಲ ಸಾಕು. ಬೆಳಗ್ಗೆ, ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು, ಒಂದೇ ಥರದ ಬಟ್ಟೆಯಲ್ಲಿ. ಅದೇ ದಿನ ಹೊಲಿಗೆ ಟೇಪ್ ತಗೊಂಡು ಹೊಟ್ಟೆಯ ಸುತ್ತಳತೆಯನ್ನೂ ಬರೆದಿಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯ ಟೇಪ್ ಇರಬೇಕು. ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದರೆ ಮೋಸ ಹೋಗುವವರು ನೀವೇ ಅಲ್ವಾ? ತೂಕ ಏರಿ ಸುತ್ತಳತೆ ಹಾಗೇ ಇದ್ದರೆ, ಇಲ್ಲವೇ ಇಳಿಯುತ್ತಿದ್ದರೆ, ಮೈ ಚೇತರಿಸಿಕೊಳ್ಳುತ್ತಿದೆ ಅಂತ ತಿಳಿಯಿರಿ.

ಲಿವರ್ ರೋಗ, ಜಲೋದರ ಇದೆ ಅಂತ ಗೊತ್ತಿರುವವರಿಗೆ ಈ ನಿಯಮ ಬೇಡ. ಅವರಿಗೆ ಡಾಕ್ಟರ್ ದಿನಾ ತೂಕ ನೋಡಲು ಹೇಳಿರುತ್ತಾರೆ. ಅದನ್ನೇ ಮಾಡಿ.

ಹೆಜ್ಜೆ 3: ಗ್ಯಾಸ್ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ

ವರ್ಷಗಟ್ಟಲೆ ಕುಡಿದ ಹೊಟ್ಟೆ ಒಳಗಿಂದ ಕೆರಳಿರುತ್ತದೆ. ಜಠರದ ಒಳಪದರ ಉರಿಯುತ್ತಿರುತ್ತದೆ, ಕರುಳಿನ ಚಲನೆಯ ಲಯ ತಪ್ಪಿರುತ್ತದೆ. ದೊಡ್ಡ ಕರುಳಿನಲ್ಲಿ ಇರಬೇಕಾದ ಬ್ಯಾಕ್ಟೀರಿಯಾ ಸಣ್ಣ ಕರುಳಲ್ಲೂ ಜಾಸ್ತಿ ಬೆಳೆದಿರಬಹುದು. ಅವು ನೀವು ತಿಂದ ಪಿಷ್ಟ, ಸಕ್ಕರೆಯನ್ನು ಬೇಗ ಹುಳಿಸಿ ಗಾಳಿ ಮಾಡುತ್ತವೆ. ಇದೆಲ್ಲ ಸರಿಯಾಗಲು ಕೆಲವು ವಾರ ಬೇಕು, ಕೆಲವರಿಗೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕೈಲಾದದ್ದು ಮಾಡಬಹುದು.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಎರಡು ವಾರ ಬರೆದರೆ ಸಾಕು. ಉದ್ದ ಬರೆಯಬೇಕಿಲ್ಲ, ಹೀಗಿದ್ದರೂ ನಡೆಯುತ್ತದೆ: "ಬುಧವಾರ. ಬೆಳಗ್ಗೆ ಹೊಟ್ಟೆ ಮೆತ್ತಗೆ. ಟಾಯ್ಲೆಟ್ ಆಗಲಿಲ್ಲ, ಎರಡನೇ ದಿನ. ನಾಲ್ಕು ಗಂಟೆಗೆ ಕೋಲಾ, ಆರಕ್ಕೆ ಇನ್ನೊಂದು. ಏಳಕ್ಕೆ ಉಬ್ಬರ, ಬೆಲ್ಟ್ ಬಿಚ್ಚಿದೆ. ರಾತ್ರಿ ಹಾಲು ಕುಡಿದ ಮೇಲೆ ಗುಡುಗುಡು." ಈ ಐದು ಸಾಲಿನಲ್ಲೇ ಮೂರು ಸುಳಿವು ಸಿಕ್ಕಿತು ನೋಡಿ. ಒಂದೊಂದಾಗಿ ತಗೊಳ್ಳೋಣ.

ಗುಳ್ಳೆ ಇರುವ ಪಾನೀಯ. ಕುಡಿತ ಬಿಟ್ಟವರ ಕೈಗೆ ಮೊದಲು ಬರುವುದೇ ಇದು. ಗ್ಲಾಸ್ ಹಿಡಿಯುವ ಅಭ್ಯಾಸ ಹೋಗಿರುವುದಿಲ್ಲ, ಅದಕ್ಕೆ ಸೋಡಾ, ಕೋಲಾ. ಆ ಗಾಳಿಯೆಲ್ಲ ಹೊಟ್ಟೆಗೇ ಹೋಗುವುದು. ಮೊದಲ ವಾರಗಳಲ್ಲಿ ಅದು ಕುಡಿತದಿಂದ ದೂರ ಇಡುತ್ತಿದ್ದರೆ ಕುಡಿಯಿರಿ, ನನ್ನ ತಕರಾರಿಲ್ಲ. ಆಮೇಲೆ ನಿಧಾನಕ್ಕೆ ನಿಂಬೆ ಹಿಂಡಿದ ನೀರು, ಶುಂಠಿ ಹಾಕಿದ ಬಿಸಿನೀರು, ಪುದೀನ ಕಷಾಯಕ್ಕೆ ಬದಲಾಯಿಸಿ. ಎದೆಯುರಿ ಇರುವವರಿಗೆ ಪುದೀನ ಬೇಡ, ಉರಿ ಜಾಸ್ತಿ ಆಗಬಹುದು. ಮದ್ಯ ಇಲ್ಲದ ಬಿಯರ್ ಅಂತ ಮಾರುವುದನ್ನು ಈ ಹಂತದಲ್ಲಿ ಮುಟ್ಟದಿರುವುದೇ ಒಳ್ಳೆಯದು. ಗ್ಯಾಸ್ ಜೊತೆಗೆ ಆ ವಾಸನೆ, ಆ ರುಚಿ ಹಳೆಯ ಆಸೆಯನ್ನು ಎಬ್ಬಿಸುತ್ತವೆ. ಅಂಥ ಕೆಲವು ಬಿಯರ್‌ಗಳಲ್ಲಿ 0.5 ಪರ್ಸೆಂಟ್ ತನಕ ಆಲ್ಕೋಹಾಲ್ ಇರುತ್ತದೆ.

ಹಾಲು. ಜಾಸ್ತಿ ಕುಡಿತದಿಂದ ಸಣ್ಣ ಕರುಳಿನ ಒಳಪದರ ಕೆಟ್ಟಾಗ, ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಕಿಣ್ವ ಕಡಿಮೆಯಾಗುತ್ತದೆ. ಮೊದಲು ಹಾಲು ಒಗ್ಗುತ್ತಿದ್ದವರಿಗೂ ಈಗ ಒಗ್ಗದೆ ಇರಬಹುದು. ಒಂದು ವಾರ ಹಾಲು ಬಿಟ್ಟು ನೋಡಿ. ಉಬ್ಬರ ಇಳಿದರೆ ಕಾರಣ ಸಿಕ್ಕಿತು. ಮೊಸರು ಬಹಳ ಜನಕ್ಕೆ ಹಾಲಿಗಿಂತ ಚೆನ್ನಾಗಿ ಒಗ್ಗುತ್ತದೆ, ಅದನ್ನು ಬಿಡಬೇಕಾಗಿಲ್ಲ. ಕರುಳು ಸುಧಾರಿಸಿದ ಮೇಲೆ ಅರ್ಧ ಲೋಟದಿಂದ ಹಾಲನ್ನು ಮತ್ತೆ ಶುರು ಮಾಡಬಹುದು.

ಮಲಬದ್ಧತೆ. ಹೊಟ್ಟೆ ಉಬ್ಬರ ಅಂತ ಒದ್ದಾಡುವ ಅನೇಕರಿಗೆ ನಿಜವಾದ ತೊಂದರೆ ಇದೇ. ನೀರು ಕಡಿಮೆ, ನಾರು ಕಡಿಮೆ, ಓಡಾಟ ಕಡಿಮೆ, ಜೊತೆಗೆ ಕೆಲವು ಮಾತ್ರೆಗಳು. ಇಲ್ಲಿ ಒಂದು ಉಪಾಯ ಉಲ್ಟಾ ಹೊಡೆಯುತ್ತದೆ. ಆರೋಗ್ಯ ಸುಧಾರಿಸಬೇಕು ಅಂತ ಒಂದೇ ದಿನದಲ್ಲಿ ಬಟ್ಟಲುಗಟ್ಟಲೆ ಹಸಿ ತರಕಾರಿ, ಕಾಳು ತಿಂದರೆ ಗ್ಯಾಸ್ ದುಪ್ಪಟ್ಟಾಗುತ್ತದೆ. ದಿನಕ್ಕೆ 25ರಿಂದ 30 ಗ್ರಾಂ ನಾರು ಗುರಿ ಸರಿ, ಆದರೆ ಅಲ್ಲಿಗೆ ತಲುಪಲು ಮೂರು ನಾಲ್ಕು ವಾರ ತಗೊಳ್ಳಿ. ಮೊದಲು ಚೆನ್ನಾಗಿ ಬೇಯಿಸಿದ ತರಕಾರಿ, ಮಾಗಿದ ಹಣ್ಣು, ಓಟ್ಸ್. ಕಾಳುಗಳನ್ನು ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿ, ಸ್ವಲ್ಪ ಸ್ವಲ್ಪ ಸೇರಿಸಿ. ಇಸಬಗೋಲು ತಗೊಳ್ಳುವುದಾದರೆ ಒಂದು ಚಮಚದಿಂದ ಶುರು ಮಾಡಿ, ದೊಡ್ಡ ಲೋಟ ನೀರಿನ ಜೊತೆಗೇ ತಗೊಳ್ಳಿ. ನೀರಿಲ್ಲದೆ ತಗೊಂಡರೆ ಅದೇ ಒಳಗೆ ಗಟ್ಟಿಯಾಗಿ ಅಡ್ಡ ಕೂರುತ್ತದೆ.

ಇನ್ನು ಸಣ್ಣಪುಟ್ಟ ಕಾರಣಗಳು. ಬಾಯಿ ಸುಮ್ಮನಿರದೆ ಚೂಯಿಂಗ್ ಗಮ್ ಜಗಿಯುವುದು, ಸಿಗರೇಟ್ ಜಾಸ್ತಿ ಮಾಡುವುದು, ಗಬಗಬ ತಿನ್ನುವುದು, ಇವೆಲ್ಲದರಿಂದ ಗಾಳಿ ನುಂಗುತ್ತೇವೆ. ಸಕ್ಕರೆ ಇಲ್ಲದ ಗಮ್, ಮಿಠಾಯಿಗಳಲ್ಲಿ ಸೋರ್ಬಿಟಾಲ್, ಕ್ಸೈಲಿಟಾಲ್ ಥರದವು ಇದ್ದರೆ ಹೊಟ್ಟೆ ಉಬ್ಬರಿಸುತ್ತವೆ, ಜಾಸ್ತಿ ಆದರೆ ಭೇದಿಯೂ ಆಗುತ್ತದೆ. ಕಾಫಿ ಲೆಕ್ಕವಿಲ್ಲದೆ ಕುಡಿಯುತ್ತಿದ್ದರೆ ಉರಿ ಜಾಸ್ತಿ ಆಗಿ ಅದೇ ಉಬ್ಬರದಂತೆ ಅನ್ನಿಸಬಹುದು.

ಮಲ ತೆಳ್ಳಗೆ, ಎಣ್ಣೆ ಎಣ್ಣೆಯಾಗಿ, ಕೆಟ್ಟ ವಾಸನೆ ಬರುತ್ತಾ ನೀರಲ್ಲಿ ತೇಲುತ್ತಿದ್ದರೆ ಮಾತ್ರ ಮನೆಮದ್ದು ಬೇಡ. ಮೇದೋಜೀರಕ ಗ್ರಂಥಿ ಕೊಬ್ಬನ್ನು ಅರಗಿಸುವ ಕಿಣ್ವ ಸಾಕಷ್ಟು ಕೊಡುತ್ತಿಲ್ಲ ಅನ್ನುವುದರ ಲಕ್ಷಣ ಅದು. ಇದಕ್ಕೆ ಕ್ಯಾಪ್ಸೂಲ್ ರೂಪದ ಕಿಣ್ವ ಸಿಗುತ್ತದೆ, ಡಾಕ್ಟರ್ ಬರೆದುಕೊಡಬೇಕು.

ಹೆಜ್ಜೆ 4: ನೀರಿನ ಊತಕ್ಕೆ ಉಪ್ಪು ನೋಡಿ, ನೀರು ಬಿಡಬೇಡಿ

ಊತ ಇದೆ ಅಂತ ನೀರು ಕುಡಿಯುವುದನ್ನೇ ನಿಲ್ಲಿಸುವವರಿದ್ದಾರೆ. ಸಾಮಾನ್ಯ ಊತಕ್ಕೆ ಅದು ಬೇಕಿಲ್ಲ. ಕಡಿಮೆ ಮಾಡಬೇಕಾದ್ದು ಉಪ್ಪನ್ನು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದಷ್ಟು. ಚಿಪ್ಸ್, ಉಪ್ಪು ಹಚ್ಚಿದ ಬೀಜಗಳು, ಪ್ಯಾಕೆಟ್ ನೂಡಲ್ಸ್ ಹೀಗೆ ಕುಡಿಯುವಾಗಿನ ಜೊತೆಗಾರರನ್ನು ಕುಡಿತ ಬಿಟ್ಟ ಮೇಲೂ ಹಾಗೇ ಇಟ್ಟುಕೊಂಡಿರುತ್ತೇವೆ. ಗ್ಯಾಸ್ ಅಂತ ದಿನಾ ಕುಡಿಯುವ ಸೋಡಾ ಪುಡಿಯಲ್ಲೂ ಸೋಡಿಯಂ ಇರುತ್ತದೆ, ಅದೂ ನೀರು ಹಿಡಿಯುತ್ತದೆ.

ನೀರು ಹೋಗುವ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ತಗೊಳ್ಳಲೇಬೇಡಿ. ಕುಡಿತದಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಮೊದಲೇ ಇಳಿದಿರುತ್ತವೆ. ಇನ್ನೂ ಇಳಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ.

ಹೆಜ್ಜೆ 5: ಸಿಹಿ ಚಪಲ ಮತ್ತು ಸಂಜೆಯ ಹಸಿವನ್ನು ಮೊದಲೇ ಹಿಡಿಯಿರಿ

ಮೊದಲು ಲೆಕ್ಕ ನೋಡೋಣ. ಒಂದು ಗ್ರಾಂ ಆಲ್ಕೋಹಾಲ್‌ನಲ್ಲಿ 7 ಕ್ಯಾಲೊರಿ. ಸಕ್ಕರೆಯಲ್ಲಿ 4, ಕೊಬ್ಬಿನಲ್ಲಿ 9. 40 ಪರ್ಸೆಂಟ್ ಮದ್ಯದ 30 ಎಂ.ಎಲ್. ಅಂದರೆ ಸುಮಾರು 65 ಕ್ಯಾಲೊರಿ. 750 ಎಂ.ಎಲ್. ಬಾಟಲಿ ಪೂರ್ತಿ ಅಂದರೆ ಸುಮಾರು 1,650. ಇದು ಎಷ್ಟೋ ಜನರ ಇಡೀ ದಿನದ ಊಟಕ್ಕೆ ಹತ್ತಿರ. ಜೊತೆಗೆ ದೇಹ ಆಲ್ಕೋಹಾಲ್ ಅನ್ನು ಕೂಡಿಡಲಾರದು, ಅದನ್ನೇ ಮೊದಲು ಸುಡುತ್ತದೆ. ಅಷ್ಟು ಹೊತ್ತು ಕೊಬ್ಬು ಕರಗುವ ಕೆಲಸ ಹಿಂದೆ ಬೀಳುತ್ತದೆ.

ಹಾಗಿದ್ದರೆ ಬಿಟ್ಟ ಮೇಲೆ ಎಲ್ಲರೂ ಸಣ್ಣ ಆಗಬೇಕಲ್ವಾ? ಆಗಲ್ಲ. ಯಾಕೆಂದರೆ ದೇಹ ಆ ಕ್ಯಾಲೊರಿಯನ್ನು ಬೇರೆ ದಾರಿಯಲ್ಲಿ ಕೇಳುತ್ತದೆ. ಕುಡಿತ ಕೊಡುತ್ತಿದ್ದ ಖುಷಿಯನ್ನು ಮಿದುಳು ಸಿಹಿಯಲ್ಲಿ ಹುಡುಕುತ್ತದೆ. ಜಠರದ ಉರಿ ಇಳಿದಂತೆ ಊಟ ರುಚಿಸತೊಡಗುತ್ತದೆ. ಸರಿ ನಿದ್ದೆ ಇಲ್ಲದಿದ್ದರೆ ಹಸಿವು ಇನ್ನೂ ಜಾಸ್ತಿ. 330 ಎಂ.ಎಲ್. ಕೋಲಾ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ, 140 ಕ್ಯಾಲೊರಿ. ದಿನಕ್ಕೆ ಮೂರು ಕುಡಿದರೆ ಅರ್ಧ ಲೀಟರಿನ ಎರಡು ಬಿಯರ್‌ಗೆ ಸಮ.

ಇಷ್ಟು ಹೇಳಿಯೂ, ಮೊದಲ ತಿಂಗಳು ಸಿಹಿ ತಿಂದರೆ ತಪ್ಪಿಲ್ಲ ಅನ್ನುವುದೇ ನನ್ನ ಅಭಿಪ್ರಾಯ. ಒಂದು ಚಾಕೊಲೇಟ್ ಆ ಸಂಜೆಯನ್ನು ದಾಟಿಸಿದರೆ ದಾಟಿಸಲಿ ಬಿಡಿ. ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಕುಡಿತ ನಿಂತಾಗ, ಊಟ ಬದಲಾದಾಗ ಅವರ ಶುಗರ್ ಮಟ್ಟವೂ ಬದಲಾಗುತ್ತದೆ. ಡಾಕ್ಟರಿಗೆ ತಿಳಿಸಿ, ಜಾಸ್ತಿ ಸಲ ಪರೀಕ್ಷಿಸಿಕೊಳ್ಳಬೇಕು, ಔಷಧದ ಡೋಸ್ ಬದಲಿಸಬೇಕಾಗಬಹುದು.

ಸಿಹಿಗಿಂತ ಚೆನ್ನಾಗಿ ಕೆಲಸ ಮಾಡುವುದು ಒಂದು ಅಭ್ಯಾಸ. ನೀವು ಕುಡಿಯಲು ಕೂರುತ್ತಿದ್ದ ಸಮಯಕ್ಕೆ ಒಂದು ಗಂಟೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಿ. ಏಳಕ್ಕೆ ಕೂರುತ್ತಿದ್ದರೆ ಆರಕ್ಕೆ ತಿನ್ನಿ. ಬಿಸ್ಕತ್ ಅಲ್ಲ, ಪ್ರೋಟೀನ್ ಇರುವ ಗಟ್ಟಿ ತಿಂಡಿ: ಮೊಟ್ಟೆ, ಮೊಸರು, ಬೇಯಿಸಿದ ಕಾಳು, ಉಪ್ಪಿಲ್ಲದ ಒಂದು ಹಿಡಿ ಬೀಜಗಳು. ಕುಡಿತ ಬಿಟ್ಟವರ ಸಭೆಗಳಲ್ಲಿ ನಾಲ್ಕು ವಿಷಯ ಗಮನಿಸಿಕೊಳ್ಳಲು ಹೇಳುತ್ತಾರೆ: ಹಸಿವು, ಸಿಟ್ಟು, ಒಂಟಿತನ, ಸುಸ್ತು. ಹಸಿವನ್ನು ಮೊದಲು ಇಟ್ಟಿರುವುದು ಸುಮ್ನೆ ಅಲ್ಲ. ಹಸಿವು ಮತ್ತು ಕುಡಿಯುವ ಆಸೆ ಎರಡೂ ಬಂದಾಗ ಒಂದೇ ಥರ ಅನ್ನಿಸುತ್ತವೆ. ತಿಂದು ಇಪ್ಪತ್ತು ನಿಮಿಷ ಕಾದು ನೋಡಿ. ಆಸೆ ಅರ್ಧಕ್ಕೆ ಇಳಿದಿದ್ದರೆ ಅದು ಹಸಿವೇ ಆಗಿತ್ತು.

ಹೆಜ್ಜೆ 6: ಡಯಟ್ ಮುಂದಕ್ಕೆ ಹಾಕಿ, ಊಟದ ಹೊತ್ತು ಮಾತ್ರ ಸರಿ ಮಾಡಿ

ಮೊದಲ ಮೂರು ತಿಂಗಳು ಉಪವಾಸ, ಕೀಟೊ, ಒಪ್ಪೊತ್ತು ಊಟ ಯಾವುದೂ ಬೇಡ. ಕುಡಿತ ಬಿಡುವುದು ಮತ್ತು ಹಸಿದಿರುವುದು, ಎರಡನ್ನೂ ಒಟ್ಟಿಗೆ ಹೊರಲು ಹೋದರೆ ಎರಡೂ ಬೀಳುತ್ತವೆ. ದಿನಕ್ಕೆ ಮೂರು ಸಲ ಹೊತ್ತಿಗೆ ಸರಿಯಾಗಿ ಊಟ, ನಡುವೆ ಒಂದೆರಡು ಸಣ್ಣ ತಿಂಡಿ. ಉಬ್ಬರ ಜಾಸ್ತಿ ಇದ್ದರೆ ಅದೇ ಊಟವನ್ನು ಐದಾರು ಸಲಕ್ಕೆ ಹಂಚಿ.

ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿದೆ ಅಂತ ಹೇಳಿರುವವರು ರಾತ್ರಿ ಮಲಗುವ ಮುಂಚೆ ಒಂದು ತಿಂಡಿ ತಿನ್ನುವುದು ಒಳ್ಳೆಯದು. ಅವರ ಲಿವರ್ ಗ್ಲೈಕೋಜನ್ ಸಾಕಷ್ಟು ಕೂಡಿಡಲಾರದು. ರಾತ್ರಿಯ ಉದ್ದ ಉಪವಾಸದಲ್ಲಿ ದೇಹ ಸ್ನಾಯುವನ್ನೇ ಒಡೆದು ತಿನ್ನುತ್ತದೆ. ಲಿವರ್ ರೋಗಕ್ಕೆ ಪ್ರೋಟೀನ್ ಬಿಡಬೇಕು ಅನ್ನುವುದು ಹಳೆಯ ನಂಬಿಕೆ. ಈಗಿನ ಸಲಹೆ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ. ನಿಮಗೆ ಎಷ್ಟು ಅಂತ ಡಾಕ್ಟರನ್ನೋ ಆಹಾರ ತಜ್ಞರನ್ನೋ ಕೇಳಿ.

ಇನ್ನು ತೀರಾ ಸಣ್ಣಗಾಗಿರುವವರು. ಊಟ ಬಿಟ್ಟು ಕುಡಿತದ ಮೇಲೇ ಬದುಕಿದವರಿಗೆ ತೂಕ ಬರಲೇಬೇಕು. ಕೆನ್ನೆ ತುಂಬಿದರೆ, ತೋಳು ಗಟ್ಟಿಯಾದರೆ ಅದು ಔಷಧದ ಕೆಲಸ ಅಂತಲೇ ತಿಳಿಯಿರಿ. ಆದರೆ ದಿನಗಟ್ಟಲೆ ಏನೂ ತಿನ್ನದವರು ಒಮ್ಮೆಲೇ ಹೊಟ್ಟೆ ಬಿರಿಯ ತಿನ್ನಬಾರದು. ಊಟ ತಟ್ಟನೆ ಸಿಕ್ಕಾಗ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ನುಗ್ಗಿ, ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಇಳಿಯುತ್ತವೆ. ಕಾಲು ಊದುವುದು, ನಿತ್ರಾಣ, ಎದೆ ಬಡಿತದ ಏರುಪೇರು, ಉಸಿರಾಟದ ತೊಂದರೆ ಇದರ ಲಕ್ಷಣ. ಇಂಥವರಿಗೆ ಆಸ್ಪತ್ರೆಯಲ್ಲೇ, ಥಯಾಮಿನ್ ಕೊಟ್ಟು, ರಕ್ತ ಪರೀಕ್ಷೆ ಮಾಡುತ್ತಾ ಊಟ ನಿಧಾನವಾಗಿ ಏರಿಸುತ್ತಾರೆ.

ಲಿವರ್ ತೊಳೆಯುವ ಕಷಾಯ, ಡಿಟಾಕ್ಸ್ ಪುಡಿ, ಹೊಟ್ಟೆ ಕರಗಿಸುವ ಚಹಾ ಇವುಗಳಿಂದ ದೂರ ಇರಿ. ಗಿಡಮೂಲಿಕೆ ಅಂದಮಾತ್ರಕ್ಕೆ ಲಿವರ್‌ಗೆ ಹಿತ ಅಂತಲ್ಲ, ಕೆಲವು ಲಿವರನ್ನೇ ಕೆಡಿಸುತ್ತವೆ. ಟಾನಿಕ್, ಕೆಮ್ಮಿನ ಸಿರಪ್ ಲೇಬಲ್ ಓದಿ, ಕೆಲವದರಲ್ಲಿ ಆಲ್ಕೋಹಾಲ್ ಇರುತ್ತದೆ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆ ತಗೊಳ್ಳುತ್ತಿರುವವರಿಗೆ ಅಷ್ಟೇ ಸಾಕು, ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳಲು.

ಹೆಜ್ಜೆ 7: ನಡೆಯಿರಿ, ನಿದ್ದೆಗೆ ಸಮಯ ಕೊಡಿ

ಊಟದ ನಂತರ ಹತ್ತು ಹದಿನೈದು ನಿಮಿಷ ಮೆಲ್ಲಗೆ ನಡೆದರೆ ಗಾಳಿ ಮುಂದೆ ಸಾಗುತ್ತದೆ. ಊಟ ಆದ ತಕ್ಷಣ ಮಲಗಬೇಡಿ. ಹೊಟ್ಟೆ ಕರಗಿಸಲು ನೂರಾರು ಸಿಟಪ್ ಮಾಡುವುದು ವ್ಯರ್ಥ, ಅದರಿಂದ ಹೊಟ್ಟೆಯ ಕೊಬ್ಬು ಮಾತ್ರ ಆರಿಸಿ ಕರಗುವುದಿಲ್ಲ. ನಿದ್ದೆ ಮೊದಲ ವಾರಗಳಲ್ಲಿ ಕೆಡುತ್ತದೆ, ಅದಕ್ಕೇ ರಾತ್ರಿ ಎರಡು ಗಂಟೆಗೆ ಫ್ರಿಡ್ಜ್ ಮುಂದೆ ನಿಂತಿರುತ್ತೀರಿ. ಮಧ್ಯಾಹ್ನದ ನಂತರ ಕಾಫಿ ಬಿಟ್ಟು, ಏಳುವ ಹೊತ್ತನ್ನು ಒಂದೇ ಮಾಡಿಕೊಂಡರೆ ನಿಧಾನವಾಗಿ ಸರಿಹೋಗುತ್ತದೆ.

ಹೆಜ್ಜೆ 8: ಮಾತ್ರೆಗಳ ಪಟ್ಟಿ ತೆಗೆದು ನೋಡಿ

ಊಟ ಹಾಗೇ ಇದ್ದು ತೂಕ ಮಾತ್ರ ಏರುತ್ತಿದ್ದರೆ ಕಾರಣ ಮಾತ್ರೆ ಇರಬಹುದು. ನಿದ್ದೆ, ಆತಂಕ, ಮೂಡ್‌ಗೆ ಕೊಡುವ ಮಿರ್ಟಜಪಿನ್, ಓಲಂಜಪಿನ್, ಕ್ವಿಟಿಯಾಪಿನ್, ವ್ಯಾಲ್‌ಪ್ರೊಯೇಟ್ ಇವು ಹಸಿವನ್ನು, ತೂಕವನ್ನು ಏರಿಸುತ್ತವೆ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್‌ನಿಂದ ತೂಕದ ಜೊತೆ ಕಾಲು ಊತವೂ ಬರಬಹುದು. ಅಕಾಂಪ್ರೊಸೇಟ್‌ನಿಂದ ಭೇದಿ, ಗ್ಯಾಸ್ ಆಗುತ್ತದೆ. ನಾಲ್ಟ್ರೆಕ್ಸೋನ್‌ನಿಂದ ವಾಕರಿಕೆ ಬಂದು ಹಸಿವು ಕಡಿಮೆ ಆಗುವುದೂ ಉಂಟು.

ಹೆಸರು ಓದಿ ಗಾಬರಿಯಾಗಿ ಮಾತ್ರೆ ನಿಲ್ಲಿಸಬೇಡಿ. ಕೆಲವನ್ನು ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. "ಇದು ಶುರು ಮಾಡಿದ ಮೇಲೆ ಇಷ್ಟು ಕೆಜಿ ಜಾಸ್ತಿ ಆಗಿದೆ, ಬೇರೆ ಇದೆಯಾ?" ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಬಹಳ ಸಲ ಇರುತ್ತದೆ.

ಹೆಜ್ಜೆ 9: ಡಾಕ್ಟರ್ ಹತ್ತಿರ ಹೋಗುವಾಗ

ಅಪಾಯದ ಲಕ್ಷಣ ಇಲ್ಲದಿದ್ದರೂ, ವರ್ಷಗಟ್ಟಲೆ ಕುಡಿದವರು ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆರು ವಾರ ಆದರೂ ಉಬ್ಬರ ಇಳಿಯದಿದ್ದರೆ, ಪ್ರಯತ್ನಿಸದೆಯೇ ತೂಕ ಇಳಿಯುತ್ತಿದ್ದರೆ ಖಂಡಿತ ಹೋಗಿ. ಸಾಮಾನ್ಯವಾಗಿ ಲಿವರ್ ಫಂಕ್ಷನ್ ಟೆಸ್ಟ್, ರಕ್ತಕಣಗಳ ಎಣಿಕೆ, ಕಿಡ್ನಿ, ಸೋಡಿಯಂ, ಪೊಟ್ಯಾಸಿಯಂ, ಶುಗರ್ ನೋಡುತ್ತಾರೆ. ತೂಕ ಕಾರಣವಿಲ್ಲದೆ ಏರುತ್ತಿದ್ದರೆ ಥೈರಾಯ್ಡ್ ಕೂಡ. ಹೊಟ್ಟೆಯ ಅಲ್ಟ್ರಾಸೌಂಡ್‌ನಲ್ಲಿ ಕೊಬ್ಬಿದ ಲಿವರ್, ಸ್ವಲ್ಪವೇ ಸೇರಿರುವ ನೀರು ಎಲ್ಲ ಗೊತ್ತಾಗುತ್ತದೆ. ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗುತ್ತದೆ. ರಕ್ತ ಪರೀಕ್ಷೆ ನಾರ್ಮಲ್ ಬಂದರೂ ಒಮ್ಮೊಮ್ಮೆ ಒಳಗೆ ಸಿರೋಸಿಸ್ ಇರಬಹುದು, ಹಾಗಾಗಿ ಡಾಕ್ಟರ್ ಸ್ಕ್ಯಾನ್ ಕೇಳಿದರೆ ಬೇಡ ಅನ್ನಬೇಡಿ.

ಒಳ್ಳೆಯ ಸುದ್ದಿಯೂ ಇದೆ. ಬರೀ ಕೊಬ್ಬು ತುಂಬಿದ ಹಂತದಲ್ಲಿರುವ ಲಿವರ್ ಕುಡಿತ ಪೂರ್ತಿ ನಿಂತರೆ ಕೆಲವೇ ವಾರಗಳಲ್ಲಿ ಚೆನ್ನಾಗಿ ಸುಧಾರಿಸುತ್ತದೆ. ಲಿವರ್ ಊದಿಕೊಂಡಿದ್ದರಿಂದ ಬಲಪಕ್ಕೆಯ ಕೆಳಗೆ ಆಗುತ್ತಿದ್ದ ಭಾರವೂ ಅದರ ಜೊತೆ ಇಳಿಯುತ್ತದೆ.

ಹೋಗುವಾಗ ನೋಟ್‌ಬುಕ್, ವಾರದ ತೂಕ, ಸುತ್ತಳತೆಯ ಲೆಕ್ಕ, ಮಾತ್ರೆಗಳ ಪಟ್ಟಿ ಎಲ್ಲ ಒಯ್ಯಿರಿ. ಎಷ್ಟು ಕುಡಿಯುತ್ತಿದ್ದಿರಿ ಅಂತ ಕೇಳಿದಾಗ ಮುಜುಗರಕ್ಕೆ ಅರ್ಧ ಮಾಡಿ ಹೇಳಬೇಡಿ. ನಡುವೆ ಒಂದು ದಿನ ಕುಡಿದಿದ್ದರೆ ಅದನ್ನೂ ಹೇಳಿ. ಯಾವ ಪರೀಕ್ಷೆ ಬೇಕು, ಥಯಾಮಿನ್ ಮಾತ್ರೆ ಸಾಕೋ ಇಂಜೆಕ್ಷನ್ ಬೇಕೋ, ನೋವಿಗೆ ಪ್ಯಾರಾಸಿಟಮಾಲ್ ಎಷ್ಟು ತಗೊಳ್ಳಬಹುದು ಅನ್ನುವುದೆಲ್ಲ ಆ ಉತ್ತರದ ಮೇಲೆ ನಿಂತಿರುತ್ತದೆ.